ಗಾಜು ಹಿಡಿಯದ ಉಪ್ಪು

ಬಾ ವೊಯ್ತೆಖ್, ಬಾಗಿಲು ಹಾಕಿಕೋ,
ಹೊರಗಿನ ತೇವ ಒಳಗೆ ಬೇಡ.
ತೇವ ತಾಗಿದರೆ ಇದಕ್ಕೆ ನಾಲಗೆ ಬರುತ್ತದೆ.

ಯಬ್ಲೋನೆತ್ಸಿನಲ್ಲಿ ಹುಟ್ಟಿದವನು ನೀನು,
ತೊಟ್ಟಿಲಲ್ಲೇ ಗಾಜಿನ ಮಣಿ ಎಣಿಸಿದವನು.
ಪ್ಲಮ್ ಹಣ್ಣಿನ ಮುರಬ್ಬ, ಹುಳಿಗಿಟ್ಟ ಸೌತೆ,
ನಿಮ್ಮಜ್ಜ ಮುಚ್ಚಿಟ್ಟ ಸಾರಾಯಿ, ಎಲ್ಲಕ್ಕೂ ಗಾಜು.
ಈ ಊರಲ್ಲಿ ಗಾಜು ಒಲ್ಲೆನೆಂದದ್ದನ್ನು
ನಾನು ಕಂಡಿಲ್ಲ, ಇದೊಂದನ್ನು ಬಿಟ್ಟು.

ಡಬ್ಬಿ ನೋಡು, ಪ್ಲಾಸ್ಟಿಕ್. ಚಮಚ ಪ್ಲಾಸ್ಟಿಕ್.
ಅಳೆಯುವ ಪಾತ್ರೆಯೂ.
ಹೆಸರು ಅಮೋನಿಯಂ ಬೈಫ್ಲೋರೈಡ್.
ಸಕ್ಕರೆಯಂಥ ಹರಳು, ನೀರಿಗೆ ಬಿದ್ದರೆ ಕರಗಿ ಮಾಯ.
ಬೆಳ್ಳಗಿದ್ದದ್ದೆಲ್ಲ ಹಾಲಲ್ಲ, ನಿನಗೂ ಗೊತ್ತು;
ಬೆಳ್ಳಗೆ, ತಣ್ಣಗೆ, ಸುಮ್ಮನೆ ಇದ್ದದ್ದೆಲ್ಲ
ಸಾಧುವಲ್ಲ ಎಂಬುದನ್ನು ಇಲ್ಲಿ ಕಲಿ.

ಅದರ ಕಸುಬೇ ನಮ್ಮ ಕಸುಬು.
ಮೇಣ ಬಳಿದು, ಗೆರೆ ಕೊರೆದು, ಅದ್ದಿ ತೆಗೆದರೆ
ಲೋಟದ ಮೇಲೆ ಜಿಂಕೆ, ಜರೀಗಿಡ, ಮದುವೆಯ ತಾರೀಖು,
ಯಾರೋ ಉಸಿರಿನಲ್ಲಿ ಬರೆದ ಹಾಗೆ.
ಗಾಜು ತಿನ್ನುವಾಗ ಅದಕ್ಕೆ ಆತುರವಿಲ್ಲ.
ಮನುಷ್ಯನನ್ನು ತಿನ್ನುವಾಗಲೂ.

ಯಿಂದ್ರಿಖ್‌ನ ಕತೆ ಹೇಳಬಾರದೆಂದಿದ್ದೆ.

ಶುಕ್ರವಾರ. ಕೈಗವಸಿನ ಹೆಬ್ಬೆರಳಲ್ಲಿ
ಸೂಜಿಮೊನೆಯಷ್ಟು ತೂತು.
ಒದ್ದೆಯಾಯಿತು, ಉರಿಯಲಿಲ್ಲ. ಅಂಗಿಗೆ ಒರೆಸಿಕೊಂಡ.
ಸಂಜೆ ಕುಣಿಯಲು ಹೋದೆವು. ಹೌದು, ನಾವು.
ನನ್ನ ಬೆನ್ನ ಮೇಲಿದ್ದದ್ದು ಅದೇ ಕೈ.
ಮಧ್ಯರಾತ್ರಿ ಎದ್ದು ನೋಡಿದರೆ ಅಡುಗೆಮನೆಯಲ್ಲಿ
ನಲ್ಲಿ ಬಿಟ್ಟುಕೊಂಡು ನಿಂತಿದ್ದಾನೆ, ದೀಪ ಹಾಕದೆ.
ಚರ್ಮ ಸ್ವಲ್ಪ ಬಿಳಿಚಿತ್ತು, ಅಷ್ಟೇ.
"ಒಳಗೆ, ಲಿಬುಶೆ, ಒಳಗೆ" ಎನ್ನುತ್ತಿದ್ದ,
ಕಳ್ಳ ಹೊಕ್ಕ ಕೋಣೆಯನ್ನು ತೋರಿಸುವವನಂತೆ.

ಅದಕ್ಕೆ ಬೇಕಾದ್ದು ಸುಣ್ಣ ಕಣೋ.
ಮೂಳೆಯಲ್ಲಿರುವುದು, ನೆತ್ತರಲ್ಲಿರುವುದು,
ಗುಂಡಿಗೆ ತನ್ನ ಬಡಿತಕ್ಕೆಂದು ಇಟ್ಟುಕೊಂಡಿರುವುದು.
ಈ ಮುಲಾಮಿನಲ್ಲೂ ಅದೇ, ಕ್ಯಾಲ್ಸಿಯಂ ಗ್ಲುಕೋನೇಟ್.
ಬಂದವನಿಗೆ ಹೊಸಿಲಲ್ಲೇ ಎಲೆ ಹಾಕಿ ಬಡಿಸಿ
ಒಳಮನೆಗೆ ಬಿಡದಿರುವ ಉಪಾಯ.
ಅವತ್ತೂ ಮುಲಾಮು ಇತ್ತು, ಬೀಗ ಹಾಕಿದ ಬೀರುವಿನಲ್ಲಿ.
ಬೀಗದ ಕೈ ನನ್ನ ಕೋಟಿನಲ್ಲಿ.
ಕೋಟು ನನ್ನ ಜೊತೆ ಕುಣಿಯುತ್ತಿತ್ತು.

ಆ ಬೀರುವಿಗೆ ಈಗ ಬಾಗಿಲೇ ಇಲ್ಲ. ನಾನೇ ಕಿತ್ತೆ.

ಸರಿ, ಬರೆದುಕೋ.
ಆಸಿಡ್ ಇದರ ಹತ್ತಿರ ಸುಳಿಯಬಾರದು.
ಕೈಗವಸು ಎರಡು ಜೊತೆ, ಗಾಳಿ ತುಂಬಿ ಹಿಂಡಿ ನೋಡಿ ಹಾಕು.
ಕನ್ನಡಕ ಸಾಲದು, ಮುಖದ ಗುರಾಣಿಯೂ ಬೇಕು.
ಒಬ್ಬನೇ ಇದ್ದೀಯೋ, ಮುಚ್ಚಳ ತೆಗೆಯಬೇಡ,
ಯಜಮಾನರೇ ಬಂದು ಹೇಳಿದರೂ.
ಉಪ್ಪು ತಿಂದವ ನೀರು ಕುಡಿಯಲೇಬೇಕು;
ಈ ಉಪ್ಪು ತಾಗಿದವ ನೀರಿಗೆ ಓಡಲೇಬೇಕು,
ಉರಿಯಲಿ, ಉರಿಯದಿರಲಿ.
ಆಮೇಲೆ ಮುಲಾಮು, ತಿಕ್ಕುತ್ತಲೇ ಆಸ್ಪತ್ರೆಗೆ.
"ಏನೂ ಆಗಿಲ್ಲ" ಎಂಬ ಮಾತನ್ನು
ಡಾಕ್ಟರು ಆಡಲಿ, ನೀನಲ್ಲ.

ಏನು ನೋಡುತ್ತಿದ್ದೀ?
ಹೊರಗೆ ಹಿಮವಿಲ್ಲ, ಹುಚ್ಚಪ್ಪ, ಇದು ಜೂನ್.
ಯಿಜೆರಾ ಬೆಟ್ಟ ಹಸಿರಾಗಿಯೇ ಇದೆ.
ಕಿಟಕಿಯ ಗಾಜು ಹಾಗಾಗಿದೆ, ಮೂವತ್ತು ವರ್ಷದ ಆವಿಗೆ;
ನಮ್ಮ ಎದೆಗೆ ಬರಬೇಕಾದದ್ದರಲ್ಲಿ ಒಂದಿಷ್ಟನ್ನು ಅದು ಉಂಡಿತು.
ಬದಲಾಯಿಸುತ್ತೇವೆ ಎಂದು ಎರಡು ಸಲ ಬಂದರು.
ಇರಲಿ ಬಿಡಿ ಎಂದೆ.
ಹೊಸಬರಿಗೆ ತೋರಿಸಲು ಬೇರೆ ಪಟ ನನ್ನಲ್ಲಿಲ್ಲ.

ಯಿಂದ್ರಿಖ್‌ಗೇನು, ಚೆನ್ನಾಗಿದ್ದಾನೆ,
ಹೆಬ್ಬೆರಳಿನ ತುದಿಯೊಂದು ಬಿಟ್ಟು.
ಬಿಯರ್ ಎಡಗೈಯಲ್ಲಿ ಕುಡಿಯುತ್ತಾನೆ, ನೊರೆ ಚೆಲ್ಲುವುದಿಲ್ಲ.

ಈಗ ಕಣ್ಣು ಮುಚ್ಚು.
ಮುಲಾಮು ಎಲ್ಲಿದೆ, ಕೈ ಚಾಚಿ ತೆಗೆ.

ಊಹೂಂ. ಬಲಗೈಯಲ್ಲಲ್ಲ.